ನೆಲವನ್ನೂ ಮುಗಿಲನ್ನೂ ಒಟ್ಟಿಗೆ ಓದುವ ವಿದ್ಯೆ



ಮಳೆಗಾಲದಲ್ಲಿ ವಾರ್ತೆಯ ಕೊನೆಗೆ ಬರುವ ಹವಾಮಾನ ಮುನ್ಸೂಚನೆಯನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. 'ಕರಾವಳಿಯಲ್ಲಿ ಭಾರಿ ಮಳೆ, ಮಲೆನಾಡಿನ ಕೆಲವೆಡೆ ಅತಿ ಭಾರಿ ಮಳೆ' ಎಂಬ ಮಾತು ಕಿವಿಗೆ ಬಿದ್ದು ಹಾಗೆಯೇ ಹೋಗಿಬಿಡುತ್ತದೆ. ಆದರೆ ಇಲ್ಲಿ 'ಭಾರಿ' ಎಂಬುದು ಅಳತೆಯ ಪದ. ಇಂದು ಬೆಳಿಗ್ಗೆ 8.30ರಿಂದ ನಾಳೆ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆ 64.5ರಿಂದ 115.5 ಮಿಲಿಮೀಟರ್ ಇದ್ದರೆ ಅದು ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. ಅದನ್ನೂ ಮೀರಿದರೆ ಅತ್ಯಂತ ಭಾರಿ.

ಈಗ ಒಂದು ಪ್ರಶ್ನೆ. 200 ಮಿ.ಮೀ. ಮಳೆ ಒಂದು ಬೆಟ್ಟದ ಮೇಲೆ ಸುರಿದು, ಹಳ್ಳ ತುಂಬಿ, ಹರಿದು ಹೋಗುತ್ತದೆ. ಅಷ್ಟೇ ಮಳೆ ಪಕ್ಕದ ಬೆಟ್ಟದ ಮೇಲೆ ಸುರಿದಾಗ ಇಡೀ ಇಳಿಜಾರು ಜಾರಿ ಕೆಳಗಿನ ಮನೆಗಳ ಮೇಲೆ ಬರುತ್ತದೆ. ಏಕೆ ಹೀಗೆ? ಮಳೆಯನ್ನಷ್ಟೇ ಬಲ್ಲವರಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಕಲ್ಲುಮಣ್ಣನ್ನಷ್ಟೇ ಬಲ್ಲವರಲ್ಲಿಯೂ ಇಲ್ಲ. ಎರಡನ್ನೂ ಒಟ್ಟಿಗೆ ಓದಿಸುವ ಶಾಸ್ತ್ರವೇ ಭೂಮಿ ಮತ್ತು ವಾಯುಮಂಡಲ ವಿಜ್ಞಾನ. ಪದವಿ ತರಗತಿಯಲ್ಲಿ ಇದನ್ನು ಆರಿಸಿಕೊಂಡವರು ಏನು ಕಲಿಯುತ್ತಾರೆ, ಆ ಕಲಿಕೆ ಯಾರಿಗೆ ಉಪಯೋಗ ಎಂಬುದನ್ನು ನಮ್ಮದೇ ಪಶ್ಚಿಮ ಘಟ್ಟವನ್ನು ಮುಂದಿಟ್ಟುಕೊಂಡು ನೋಡೋಣ.

ನೆಲ ಮಳೆಯನ್ನು ತರಿಸುತ್ತದೆ

ಉಡುಪಿಯ ಬಳಿ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ ಸಿಗುತ್ತದೆ. ಅಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳನ್ನು ಯಾರೋ ಕಡೆದು ನಿಲ್ಲಿಸಿದಂತೆ ಕಾಣುತ್ತದೆ. ಅವು ಕುದಿಯುವ ಲಾವಾರಸ ತಣ್ಣಗಾಗಿ, ಕುಗ್ಗಿ, ಬಿರುಕು ಬಿಟ್ಟಾಗ ಆದ ಕಂಬಗಳು. ವಯಸ್ಸು ಸುಮಾರು 9 ಕೋಟಿ ವರ್ಷ. ಆಗ ಇಂಡಿಯಾ ಮತ್ತು ಮಡಗಾಸ್ಕರ್ ಒಂದೇ ಭೂಖಂಡದ ಭಾಗಗಳಾಗಿದ್ದು, ಪರಸ್ಪರ ಬೇರ್ಪಡುತ್ತಿದ್ದವು. ಆ ಒಡಕಿನಲ್ಲಿ ಉಕ್ಕಿ ಬಂದ ಲಾವಾ ಇದು. ಘಟ್ಟ ಈಗಿನ ಎತ್ತರಕ್ಕೆ ಬಂದ ಬಗೆಯ ಕುರಿತು ವಿದ್ವಾಂಸರಲ್ಲಿ ಇನ್ನೂ ಚರ್ಚೆಯಿದೆ. ಆದರೆ ನಮ್ಮ ಪಶ್ಚಿಮದ ಅಂಚು ಹೀಗೆ ಖಂಡ ಒಡೆದು ಉಂಟಾದ ಅಂಚು ಎಂಬುದರಲ್ಲಿ ಅನುಮಾನವಿಲ್ಲ.

ಈ ಅಂಚಿಗೂ ಇಂದಿನ ಮಳೆಗೂ ಏನು ಸಂಬಂಧ? ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಮೇಲಿಂದ ತೇವ ತುಂಬಿದ ಗಾಳಿ ಬೀಸಿ ಬರುತ್ತದೆ. ಘಟ್ಟ ಅಡ್ಡ ಬಂದಾಗ ಅದು ಮೇಲೇರಲೇ ಬೇಕು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ. ತಣಿದ ಗಾಳಿಯಲ್ಲಿ ಹೆಚ್ಚು ಆವಿ ನಿಲ್ಲಲಾರದು, ಆವಿ ಹನಿಯಾಗಿ ಸುರಿಯುತ್ತದೆ. ಆದುದರಿಂದಲೇ ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಘಟ್ಟ ದಾಟಿ ಕೆಳಗಿಳಿಯುವ ಗಾಳಿ ಮತ್ತೆ ಬಿಸಿಯಾಗಿ ಒಣಗುತ್ತದೆ. ಇನ್ನೂರು ಕಿಲೋಮೀಟರಿನೊಳಗೇ ಇರುವ ಚಳ್ಳಕೆರೆಯ ಸೀಮೆಗೆ 500 ಮಿ.ಮೀ. ಬಂದರೆ ಅದೇ ಒಳ್ಳೆಯ ವರ್ಷ. ಕೋಟಿ ವರ್ಷಗಳ ಹಿಂದೆ ನೆಲದಲ್ಲಿ ನಡೆದ ಘಟನೆ ಈ ವರ್ಷ ಯಾರ ಹೊಲ ನೆನೆಯಬೇಕು, ಯಾರ ಹೊಲ ಒಣಗಬೇಕು ಎಂಬುದನ್ನು ಹೀಗೆ ನಿರ್ಧರಿಸುತ್ತಿದೆ.

ಮಳೆ ನೆಲವನ್ನು ಮಾಡುತ್ತದೆ

ಇನ್ನು ಇದರ ತಿರುವು ನೋಡಿ. ಲಕ್ಷಾಂತರ ವರ್ಷ ಬಿಸಿಲು, ಮಳೆ ಒಂದಾದ ಮೇಲೊಂದು ಬಿದ್ದಾಗ ಗಟ್ಟಿ ಬಂಡೆಯೂ ಕೊಳೆಯುತ್ತದೆ. ನೀರಿನಲ್ಲಿ ಕರಗುವ ಅಂಶಗಳೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡು ಮೇಲ್ಭಾಗದಲ್ಲಿ ಕೆಂಪು ಪದರ ಗಟ್ಟಿಗಟ್ಟುತ್ತದೆ. ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲು ಇದೇ. ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು.

ಮುರಕಲ್ಲಿನ ಅಡಿಯಲ್ಲಿ ಹಲವು ಕಡೆ ಇನ್ನೊಂದು ಪದರವಿದೆ. ಬಿಳಿ, ಹಳದಿ, ಗುಲಾಬಿ ಬಣ್ಣದ ನುಣುಪು ಮಣ್ಣು. ಕರಾವಳಿಯವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಇದು ಗುದ್ದಲಿಗೂ ಜಗ್ಗದಷ್ಟು ಬಿಗಿ. ನೀರು ಕುಡಿದು ತುಂಬಿದಾಗ ಅದರ ಬಲ ಉಡುಗಿಹೋಗುತ್ತದೆ. ಮೇಲೆ ನೀರನ್ನು ಸುಲಭವಾಗಿ ಒಳಬಿಡುವ ತೂತು ತೂತಿನ ಕಲ್ಲು, ಕೆಳಗೆ ನೀರು ತಾಗಿದರೆ ಸೋಲುವ ಮಣ್ಣು. ಗುಡ್ಡ ಜಾರುವುದಕ್ಕೆ ಇಷ್ಟು ಸಿದ್ಧತೆಯನ್ನು ಸಾವಿರಾರು ಮಳೆಗಾಲಗಳೇ ಮಾಡಿಟ್ಟಿವೆ.

ಒಂದು ಎಕರೆಯ ಲೆಕ್ಕ

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು, ತೂಕ ಒಂದು ಕಿಲೋ. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ಅದರ ಮೇಲೆ ಒಂದೇ ದಿನ 200 ಮಿ.ಮೀ. ಮಳೆಯಾದರೆ 8 ಲಕ್ಷ ಲೀಟರಿಗೂ ಮಿಕ್ಕಿದ ನೀರು. ಹತ್ತು ಸಾವಿರ ಲೀಟರಿನ ಎಂಬತ್ತು ಟ್ಯಾಂಕರುಗಳನ್ನು ಒಂದೇ ಎಕರೆಯ ಇಳಿಜಾರಿನಲ್ಲಿ ತಂದು ಸುರಿದಂತೆ.

ಆದರೆ ಗುಡ್ಡ ಬೀಳುವುದು ಈ ತೂಕ ಒಂದರಿಂದಲೇ ಅಲ್ಲ. ಮರಳಿನಲ್ಲಿ ಗೋಪುರ ಕಟ್ಟಿ ಆಡಿದ್ದು ನೆನಪಿದೆಯೇ? ತುಸು ತೇವವಿದ್ದ ಮರಳು ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಚೆಂಬು ನೀರು ಹೊಯ್ದರೆ ಕುಸಿದು ಕೂರುತ್ತದೆ. ಕಣ ಕಣಗಳ ನಡುವಿನ ತಿಕ್ಕಾಟವೇ ಗುಡ್ಡವನ್ನು ಹಿಡಿದಿಡುವ ಶಕ್ತಿ. ಸಂದುಗಳಲ್ಲಿ ಗಾಳಿಯಿದ್ದ ಜಾಗವನ್ನೆಲ್ಲ ನೀರು ತುಂಬಿದಾಗ ಆ ನೀರಿನ ಒತ್ತಡ ಕಣಗಳನ್ನು ಒಂದರಿಂದೊಂದು ದೂಡುತ್ತದೆ. ತಿಕ್ಕಾಟ ಕಡಿಮೆಯಾಗುತ್ತದೆ, ಗುರುತ್ವ ಗೆಲ್ಲುತ್ತದೆ. ಭೂವಿಜ್ಞಾನದ ವಿದ್ಯಾರ್ಥಿ ಇದನ್ನು ರಂಧ್ರ ಒತ್ತಡ ಎಂಬ ಹೆಸರಿನಲ್ಲಿ ಓದುತ್ತಾನೆ.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಎರಡು. ನಾಳೆ ಎಷ್ಟು ಮಳೆ ಬರುತ್ತದೆ? ಬೆಟ್ಟ ಈಗಾಗಲೇ ಎಷ್ಟು ನೀರು ಕುಡಿದಿದೆ? ಮೊದಲನೆಯದು ಮುಗಿಲಿನ ಪ್ರಶ್ನೆ, ಎರಡನೆಯದು ನೆಲದ ಪ್ರಶ್ನೆ. ಜೂನ್ ಮೊದಲ ವಾರದ 200 ಮಿ.ಮೀ. ಮಳೆಯನ್ನು ಒಣ ಬೆಟ್ಟ ನುಂಗಿಕೊಳ್ಳಬಹುದು. ಎರಡು ತಿಂಗಳು ನೆನೆದ ಬೆಟ್ಟಕ್ಕೆ ಅದರ ಅರ್ಧವೂ ಹೆಚ್ಚಾದೀತು.

ಮೂರು ಪಾಠಗಳು

2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಕೆಲವೇ ದಿನಗಳೊಳಗೆ ಗುಡ್ಡಗಳು ಸಾಲು ಸಾಲಾಗಿ ಜಾರಿದವು. ಅದಕ್ಕೂ ಮುಂಚೆ ವಾರಗಟ್ಟಲೆ ಮಳೆ ಹಿಡಿದಿತ್ತು. ರಸ್ತೆಗೆ, ಮನೆಗೆ ಎಂದು ಇಳಿಜಾರಿನ ಬುಡ ಕಡಿದಿದ್ದ ಕಡೆಗಳಲ್ಲಿ ಕುಸಿತ ಸುಲಭವಾಯಿತು.

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ, ಗಂಗಾವಳಿ ನದಿಗೂ ಇಳಿಯಿತು. ರಸ್ತೆ ಬದಿಯ ಚಹಾ ಅಂಗಡಿಯೂ, ಅಲ್ಲಿದ್ದವರೂ ಅದರಲ್ಲಿ ಸಿಲುಕಿದರು. ಮಣ್ಣಿನೊಡನೆ ನದಿ ಸೇರಿದ್ದ ಲಾರಿಯೊಂದು ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಮೀರಿದ ಮೇಲೆ.

ಅದೇ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಬೆಟ್ಟದ ನೆತ್ತಿ ಜಾರಿತು. ಕಲ್ಲು, ಮಣ್ಣು, ಮರ, ನೀರು ಕಲಸಿಕೊಂಡ ಪ್ರವಾಹ ಹೊಳೆಯ ಪಾತ್ರದಲ್ಲಿ ಸುಮಾರು 8 ಕಿಲೋಮೀಟರ್ ನುಗ್ಗಿತು. ಮುಂಡಕ್ಕೈ, ಚೂರಲ್‌ಮಲೆ ಊರುಗಳಲ್ಲಿ ನಿದ್ದೆಯಲ್ಲಿದ್ದ 200ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರಲ್ಲಿ ಅನೇಕರ ಮನೆ ಕುಸಿದ ಬೆಟ್ಟದ ಬುಡದಲ್ಲಿ ಇರಲೇ ಇಲ್ಲ, ಕಿಲೋಮೀಟರುಗಟ್ಟಲೆ ದೂರದಲ್ಲಿತ್ತು.

ಈ ಮೂರನ್ನೂ ಜೊತೆಗಿಟ್ಟು ನೋಡಿದರೆ ಕಲಿಯುವುದು ಇಷ್ಟು: ಹಿಂದಿನ ವಾರಗಳ ಮಳೆಯನ್ನು ಕೂಡಿಸಿ ನೋಡಬೇಕು, ಇಳಿಜಾರಿನ ಬುಡವನ್ನು ನೋಡಬೇಕು, ಕುಸಿದ ಮಣ್ಣು ಯಾವ ದಾರಿಯಲ್ಲಿ ಹರಿದೀತು ಎಂಬುದನ್ನೂ ನೋಡಬೇಕು. ಇಷ್ಟನ್ನೂ ಒಬ್ಬರೇ ನೋಡುವಂತಾದರೆ 'ಈ ರಾತ್ರಿ ಈ ಕೇರಿಯವರು ಮನೆ ಬಿಟ್ಟು ಶಾಲೆಗೆ ಬಂದಿರಿ' ಎಂದು ಹೇಳುವುದಕ್ಕೆ ಆಧಾರ ಸಿಗುತ್ತದೆ.

ಎರಡು ಇಲಾಖೆ, ಒಂದು ಬೆಟ್ಟ

ನಮ್ಮ ದೇಶದಲ್ಲಿ ನೆಲವನ್ನು ಪರಿಶೀಲಿಸುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಆರಂಭವಾದದ್ದು 1851ರಲ್ಲಿ. ಅದು ಗಣಿ ಸಚಿವಾಲಯದ ಅಡಿಯಲ್ಲಿದೆ. ಮುಗಿಲನ್ನು ಗಮನಿಸುವ ಹವಾಮಾನ ಇಲಾಖೆ 1875ರದ್ದು. ಅದು ಭೂವಿಜ್ಞಾನ ಸಚಿವಾಲಯಕ್ಕೆ ಸೇರಿದೆ. ದೇಶದಲ್ಲಿ 4.2 ಲಕ್ಷ ಚದರ ಕಿಲೋಮೀಟರ್ ಪ್ರದೇಶ ಭೂಕುಸಿತದ ಅಪಾಯದಲ್ಲಿದೆ ಎಂದು ಸರ್ವೇಕ್ಷಣ ಸಂಸ್ಥೆ ಗುರುತಿಸಿದೆ. ಮಳೆಯ ಮುನ್ಸೂಚನೆಯನ್ನೂ ಇಳಿಜಾರಿನ ನಕ್ಷೆಯನ್ನೂ ಸೇರಿಸಿ ಡಾರ್ಜಿಲಿಂಗ್, ನೀಲಗಿರಿಯಂತಹ ಕೆಲವು ಜಿಲ್ಲೆಗಳಿಗೆ ಭೂಕುಸಿತದ ಮುನ್ಸೂಚನೆ ಕೊಡುವ ಕೆಲಸವನ್ನೂ ಅದು ಕೈಗೊಂಡಿದೆ. ಕರ್ನಾಟಕದಲ್ಲಿ 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ಆರಂಭವಾದ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಅದರ 6000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ರಾಜ್ಯದ ಮೂಲೆ ಮೂಲೆಯಲ್ಲಿವೆ. ಮಾಪಕಗಳು ಅಂಕಿಗಳನ್ನು ಕೊಡುತ್ತವೆ. ಆ ಅಂಕಿ ಬಿದ್ದ ಜಾಗದ ಮಣ್ಣು ಎಂಥದು ಎಂದು ಬಲ್ಲ ತರುಣರು ಬೇಕಾಗಿದ್ದಾರೆ.

ಏನು ಓದಬೇಕು, ಎಲ್ಲಿ ಓದಬೇಕು?

ಪಿ.ಯು.ಸಿ. ಮುಗಿಸಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ಇದಕ್ಕೆ ಗಣಿತ ಬೇಕೇ?' ಬೇಕು. ಏರುವ ಗಾಳಿ ಎಷ್ಟು ತಣಿಯುತ್ತದೆ ಎಂಬುದು ಭೌತವಿಜ್ಞಾನ. ಬಂಡೆ ಹೇಗೆ ಕೊಳೆಯುತ್ತದೆ ಎಂಬುದು ರಸಾಯನ ವಿಜ್ಞಾನ. ಎರಡಕ್ಕೂ ಗಣಿತವೇ ಆಧಾರ. ಇದರ ಮೇಲೆ ಖನಿಜ ಮತ್ತು ಶಿಲೆಗಳ ಅಧ್ಯಯನ, ಭೂರಚನೆ, ಮೋಡಗಳ ಭೌತವಿಜ್ಞಾನ, ಉಪಗ್ರಹ ಚಿತ್ರಗಳನ್ನು ಓದುವ ಕ್ರಮ ಇತ್ಯಾದಿ. ತರಗತಿಯಷ್ಟೇ ಮುಖ್ಯವಾದದ್ದು ಕ್ಷೇತ್ರಕಾರ್ಯ. ಸುತ್ತಿಗೆ, ದಿಕ್ಸೂಚಿ, ಟಿಪ್ಪಣಿ ಪುಸ್ತಕ ಹಿಡಿದು ಬಿಸಿಲಿನಲ್ಲಿ ನಡೆಯಲು ಬೇಸರಪಡುವವರಿಗೆ ಇದು ಹಿಡಿಸಲಾರದು. ವಾಯುಮಂಡಲದ ಕಡೆಗೂ ಇಂಥದೇ ಶಿಸ್ತಿದೆ. ಉಪಕರಣ ಕಟ್ಟಿದ ಬಲೂನುಗಳನ್ನು ಪ್ರಪಂಚದಾದ್ಯಂತ ಒಂದೇ ಹೊತ್ತಿಗೆ ಹಾರಿಬಿಡುತ್ತಾರೆ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ 5.30 ಮತ್ತು ಸಂಜೆ 5.30ರ ವೀಕ್ಷಣೆ.

ಮೈಸೂರಿನ ಯುವರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಂತಹ ಕಡೆ ಪದವಿಯಲ್ಲಿ ಭೂವಿಜ್ಞಾನವಿದೆ. ಭೋಪಾಲ್ ಮತ್ತು ಕೋಲ್ಕತ್ತದ ಐಸರ್ ಸಂಸ್ಥೆಗಳಲ್ಲಿ ಭೂಮಿ ಕುರಿತ ವಿಜ್ಞಾನಗಳನ್ನು ಐದು ವರ್ಷದ ಕೋರ್ಸಿನಲ್ಲಿ ಓದಬಹುದು. ಹವಾಮಾನ ಶಾಸ್ತ್ರಕ್ಕೆ ಭೌತವಿಜ್ಞಾನ, ಗಣಿತದ ಪದವಿ ಪಡೆದು ಕೊಚ್ಚಿ ಅಥವಾ ವಿಶಾಖಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಮುಂದುವರಿಯುವ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲಕ್ಕೊಂದು, ವಾಯುಮಂಡಲ ಮತ್ತು ಸಾಗರಕ್ಕೊಂದು ಕೇಂದ್ರವಿದ್ದು, ಉನ್ನತ ಸಂಶೋಧನೆಗೆ ಅವಕಾಶವಿದೆ. ಸರ್ವೇಕ್ಷಣ ಸಂಸ್ಥೆಯ ಭೂವಿಜ್ಞಾನಿ ಹುದ್ದೆಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಇದೆ, ಅದಕ್ಕೆ ಸ್ನಾತಕೋತ್ತರ ಪದವಿ ಅಗತ್ಯ. ಪದವಿ ಮುಗಿದ ಕೂಡಲೇ ಕೆಲಸ ಬೇಕೆನ್ನುವವರು ಈ ಎರಡು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧರಿಸುವುದು ಒಳ್ಳೆಯದು.

ಎರಡೂ ಶಾಸ್ತ್ರಗಳನ್ನು ಜೋಡಿಸಿದವರಿಗೆ ಏನು ಸಾಧ್ಯ ಎಂಬುದಕ್ಕೆ ಆಲ್ಫ್ರೆಡ್ ವೆಗೆನರ್ ಸಾಕ್ಷಿ. ಖಂಡಗಳು ಚಲಿಸುತ್ತವೆ ಎಂಬ ವಿಚಾರವನ್ನು 1912ರಲ್ಲಿ ಮಂಡಿಸಿದ ಆತ ವೃತ್ತಿಯಿಂದ ಹವಾಮಾನ ವಿಜ್ಞಾನಿ. ಅನೇಕ ಭೂವಿಜ್ಞಾನಿಗಳು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಆತ ತೀರಿಕೊಂಡು ದಶಕಗಳು ಕಳೆದ ಮೇಲೆ ಸಮುದ್ರ ತಳದ ಪುರಾವೆಗಳು ಆತನ ಮಾತನ್ನು ನಿಜ ಮಾಡಿದವು.

ಮನೆಯಲ್ಲೇ ಆರಂಭಿಸಿ

ಕಾಲೇಜು ಸೇರುವವರೆಗೆ ಕಾಯಬೇಕಾಗಿಲ್ಲ. ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಡಬ್ಬಿಯೊಂದನ್ನು ಮರ, ಮಾಡಿನ ಮರೆ ಇಲ್ಲದ ಬಯಲಿನಲ್ಲಿ ಅಲುಗಾಡದಂತೆ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ನೀರಿನ ಆಳವನ್ನು ಸ್ಕೇಲಿನಿಂದ ಅಳೆದು ಬರೆದು, ಡಬ್ಬಿಯನ್ನು ಖಾಲಿ ಮಾಡಿ. ಆಳ ಎಷ್ಟು ಮಿ.ಮೀ. ಇದೆಯೋ ಮಳೆ ಅಷ್ಟು. ಹಿಂದಿನ ಹದಿನೈದು ದಿನಗಳ ಮೊತ್ತವನ್ನೂ ಪಕ್ಕದಲ್ಲಿ ಬರೆಯುತ್ತಾ ಹೋಗಿ. ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕುಲುಕಿ ಇಟ್ಟರೆ ಮರಳು ಮೊದಲು ಕೂರುತ್ತದೆ, ಜೇಡಿ ಕೊನೆಗೆ. ನಿಮ್ಮ ಊರಿನ ಮಣ್ಣಿನಲ್ಲಿ ಯಾವುದು ಎಷ್ಟಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಗುಡ್ಡದ ಊರಿನವರಾದರೆ ಇನ್ನೂ ಕೆಲವನ್ನು ಗಮನಿಸಿ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಕೆಸರಾದ ಒರತೆ, ಮಳೆ ಸುರಿಯುತ್ತಿದ್ದರೂ ಹಠಾತ್ತನೆ ಇಳಿದ ಹಳ್ಳದ ನೀರು. ಇವುಗಳಲ್ಲಿ ಯಾವುದು ಕಂಡರೂ ಮನೆಯ ಹಿರಿಯರಿಗೆ, ಪಂಚಾಯಿತಿಗೆ ಆಗಲೇ ತಿಳಿಸಿ. ಇಳಿಜಾರಿನಿಂದಲೂ ಹಳ್ಳದ ದಾರಿಯಿಂದಲೂ ದೂರ ಸರಿಯಿರಿ. ಬೆಳಗಾಗಲಿ, ನೋಡೋಣ ಎಂದು ಕಾಯಬೇಡಿ.