ಬೆಳಕಿನ ಎಳೆ ಉಳಿಸುವ ಗ್ಯಾರೇಜು

ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಮನೆಯಲ್ಲಿ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಗ್ಯಾರೇಜಿನ ಜಾಗವನ್ನೆಲ್ಲ ಆಳೆತ್ತರದ ಒಂದು ಪೆಟ್ಟಿಗೆ ಮತ್ತು ಅದರ ಬಿಡಿಭಾಗಗಳು ಹಿಡಿದಿವೆ. ಪೆಟ್ಟಿಗೆಯ ಎದುರಿಗೆ ಐದು ಗುಂಡಿ, ಕೆಳಗೆ ನಾಣ್ಯ ಹಾಕುವ ಬಾಗಿಲು, ಒಳಗೆ 19 ಇಂಚಿನ ಕಪ್ಪು–ಬಿಳುಪು ಪಿಕ್ಚರ್ ಟ್ಯೂಬ್. ಅಟಾರಿ ಕಂಪನಿ 1979ರಲ್ಲಿ ಹೊರತಂದ ‘ಆಸ್ಟರಾಯ್ಡ್ಸ್’ ಆಟದ ಯಂತ್ರ ಇದು. ಆ ಕಂಪನಿ ಇದ್ದದ್ದೂ ಇದೇ ಊರಿನಲ್ಲಿ.

ಕೆಟ್ಟು ಮೂಲೆ ಸೇರಿದ್ದ ಯಂತ್ರವನ್ನು ತಂದು ದುರಸ್ತಿ ಮಾಡಿದವರು ನಮ್ಮ ಬೆಂಗಳೂರಿನವರು. ತಮ್ಮ ಹೆಸರು ಬರೆಯುವುದು ಬೇಡ ಎಂದರು. ಬೆಳೆದದ್ದು ಜಾಲಹಳ್ಳಿಯಲ್ಲಿ, ತಂದೆ ಬಿಇಎಲ್‌ನಲ್ಲಿ ಟಿವಿ ಪಿಕ್ಚರ್ ಟ್ಯೂಬ್ ತಯಾರಿಸುವ ವಿಭಾಗದಲ್ಲಿದ್ದರು. ಹಾಗಾಗಿ ಬೇರೆಯವರು ಹತ್ತಿರ ಹೋಗಲು ಹೆದರುವ ಆ ಗಾಜಿನ ಬುರುಡೆಯ ಮೇಲೆಯೇ ಇವರ ಅಕ್ಕರೆ.

ಸ್ವಿಚ್ ಹಾಕಿದರು. ಟ್ಯೂಬ್ ಕಾಯಲು ಕೆಲವು ಸೆಕೆಂಡು ಬೇಕು. ಆಮೇಲೆ ಕಗ್ಗತ್ತಲಲ್ಲಿ ಬಂಡೆಗಳ ಅಂಚು ಮೂಡಿತು. ಈ ಆಟವನ್ನು ನಾನು ಕಂಪ್ಯೂಟರಿನಲ್ಲಿ ಆಡಿದ್ದೇನೆ, ಆದರೆ ಇಂಥ ಗೆರೆಯನ್ನು ಅಲ್ಲಿ ಕಂಡಿರಲಿಲ್ಲ. ಎಷ್ಟು ಹತ್ತಿರ ಹೋಗಿ ನೋಡಿದರೂ ಚುಕ್ಕೆಗಳಿಲ್ಲ, ಮೆಟ್ಟಿಲುಗಳಿಲ್ಲ. “ಟಿವಿ ಅಂದ್ರೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಸಾರ್, ಮೇಲಿಂದ ಕೆಳಗೆ ಪಟ್ಟೆ ಪಟ್ಟೆ. ಇದು ರಂಗೋಲಿ. ಎಳೆ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಕೈ ಹೋಗುತ್ತೆ” ಎಂದರು.

ವೆಕ್ಟರ್ ಮಾನಿಟರ್ ಎನ್ನುವುದು ಇದನ್ನೇ. ಯಂತ್ರದ ಮೆದುಳಾದ 6502 ಚಿಪ್ಪು ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಎಂಬ ಪಟ್ಟಿಯನ್ನಷ್ಟೇ ಬರೆದಿಡುತ್ತದೆ. ಇನ್ನೊಂದು ಸರ್ಕ್ಯೂಟು ಆ ಪಟ್ಟಿಯನ್ನು ಓದಿ ಅಡ್ಡಕ್ಕೆ, ಉದ್ದಕ್ಕೆ ಬೇಕಾದ ವೋಲ್ಟೇಜನ್ನು ಕೊಡುತ್ತದೆ. ಎಲೆಕ್ಟ್ರಾನ್ ಕಿರಣ ಅದರಂತೆ ಓಡಿ ಗಾಜಿನ ಒಳಮೈಯ ಫಾಸ್ಫರ್ ಲೇಪನವನ್ನು ಬೆಳಗಿಸುತ್ತದೆ. ಆಟಗಾರನ ನೌಕೆ ಬಂಡೆಗಳತ್ತ ಹಾರಿಸುವ ಗುಂಡಿಗೆ ಉದ್ದವಿಲ್ಲ. ಕಿರಣ ಒಂದೇ ಕಡೆ ತುಸು ಹೊತ್ತು ತಡೆದು ನಿಲ್ಲುತ್ತದೆ. ಅದಕ್ಕೇ ಆ ಚುಕ್ಕೆ ಉಳಿದೆಲ್ಲ ಗೆರೆಗಳಿಗಿಂತ ಪ್ರಖರ. ಕತ್ತಲೆ ಕೋಣೆಯಲ್ಲಿ ಅದು ಕಣ್ಣು ಕುಕ್ಕುತ್ತದೆ, ಹಿಂದೆ ಮಸುಕಾದ ಬಾಲವೊಂದನ್ನು ಬಿಟ್ಟು ಸಾಗುತ್ತದೆ. ಫೋಟೊ ತೆಗೆಯಲು ಹೋದರೆ ಆ ಹೊಳಪು ಸಿಗುವುದಿಲ್ಲ.

ಚರಿತ್ರೆ ಇಷ್ಟು. ಲೈಲ್ ರೇನ್ಸ್ ಮತ್ತು ಎಡ್ ಲಾಗ್ ಆಟವನ್ನು ರೂಪಿಸಿದರು, ಹೊವರ್ಡ್ ಡೆಲ್ಮನ್ ಯಂತ್ರಾಂಶ ಮಾಡಿದರು. ಬೇಡಿಕೆ ಎಷ್ಟಿತ್ತೆಂದರೆ ಮೊದಲ 200 ಆಟಗಳು ‘ಲೂನಾರ್ ಲ್ಯಾಂಡರ್’ ಆಟಕ್ಕೆಂದು ಮಾಡಿಟ್ಟಿದ್ದ ಪೆಟ್ಟಿಗೆಗಳಲ್ಲೇ ಹೋದವು. ಕೊನೆಗೆ 70,000ಕ್ಕೂ ಹೆಚ್ಚು ಮಾರಾಟವಾದವು. ಒಂದು ಕ್ವಾರ್ಟರ್ (ಕಾಲು ಡಾಲರ್) ನಾಣ್ಯಕ್ಕೆ ಒಂದು ಆಟ. 1982ರಲ್ಲಿ ಸ್ಕಾಟ್ ಸಫ್ರಾನ್ ಎಂಬ ಹುಡುಗ ಗಳಿಸಿದ 4,13,36,440 ಅಂಕಗಳ ದಾಖಲೆ ಮುರಿಯಲು 2010 ಬರಬೇಕಾಯಿತು. ಅದನ್ನು ನೋಡಲು ಸಫ್ರಾನ್ ಬದುಕಿರಲಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2013ರಲ್ಲಿ ಆಸ್ಟರಾಯ್ಡ್ಸನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ದುರಸ್ತಿಯಲ್ಲಿ ಪೆಟ್ಟಿಗೆಯ ಕೆಲಸ ಬಡಗಿಯದು. ನೀರು ಕುಡಿದು ಉಬ್ಬಿದ ಹಲಗೆಯ ಬುಡ ಕತ್ತರಿಸುವುದು, ಅಂಚಿಗೆ ಹೊಸ ಪ್ಲಾಸ್ಟಿಕ್ ಪಟ್ಟಿ ಕೂರಿಸುವುದು, ಗುಂಡಿಗಳಡಿಯ ತಗಡಿನ ಸಂಪರ್ಕಗಳನ್ನು ಉಜ್ಜುವುದು, ಇವನ್ನೆಲ್ಲ ತಾಳ್ಮೆಯಿದ್ದವರು ಯಾರಾದರೂ ಮಾಡಿಯಾರು. ವಿದ್ಯುತ್ತಿನ ಕೆಲಸಕ್ಕೆ ಒಂದು ಕ್ರಮವಿದೆ. ಹಳೆಯ ಯಂತ್ರ ತಂದ ಕೂಡಲೇ ಪ್ಲಗ್ ಹಾಕಬಾರದು. ಮೊದಲು ಬೋರ್ಡನ್ನು ಕಳಚಿಟ್ಟು, ಫ್ಯೂಸುಗಳನ್ನು ನೋಡಿ, ಪವರ್ ಸಪ್ಲೈ ಒಂದನ್ನೇ ಅಳೆಯಬೇಕು. ಅದರಲ್ಲಿ ಮುಷ್ಟಿಗಾತ್ರದ ನೀಲಿ ಕೆಪಾಸಿಟರ್ ಒಂದಿದೆ. ಅಟಾರಿ ರಿಪೇರಿಯವರೆಲ್ಲ ಅದನ್ನು ‘ಬಿಗ್ ಬ್ಲೂ’ ಎಂದೇ ಕರೆಯುತ್ತಾರೆ. ಇಷ್ಟು ವರ್ಷಕ್ಕೆ ಅದು ಒಣಗಿರುತ್ತದೆ, ಬದಲಿಸದೆ ಗತಿಯಿಲ್ಲ.

ಆಮೇಲೆ ಮಾನಿಟರ್. ಟ್ಯೂಬಿನ ಆನೋಡಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಹೆಚ್ಚು. ಪ್ಲಗ್ ತೆಗೆದಿಟ್ಟರೂ ಅದು ಒಳಗೆ ಉಳಿದಿರಬಹುದು. ಅದನ್ನು ಖಾಲಿ ಮಾಡಲು ಉದ್ದನೆಯ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಚಾಸಿಗೆ ಸಿಕ್ಕಿಸಿ, ಆನೋಡನ್ನು ಮುಚ್ಚಿದ ರಬ್ಬರ್ ಟೋಪಿಯ ಅಂಚಿನೊಳಗೆ ಮೆಲ್ಲನೆ ತೂರಿಸಿದರು. ಚಟ್ಟೆಂದಿತು. ತೂರಿಸುವಷ್ಟು ಹೊತ್ತೂ ಎಡಗೈ ಬೆನ್ನ ಹಿಂದೆಯೇ ಇತ್ತು. ಎರಡು ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. “ಅಪ್ಪ ಕಲಿಸಿದ್ದು. ಕೈ ಮುಂದೆ ಬಂದ್ರೆ ಬೈತಿದ್ರು.”

ಮಾನಿಟರಿನೊಳಗೆ ಕಿರಣವನ್ನು ಆಡಿಸುವ ನಾಲ್ಕು ದೊಡ್ಡ ಟ್ರಾನ್ಸಿಸ್ಟರ್‌ಗಳಿವೆ. ಅವು ಕೈಕೊಟ್ಟು ಕಿರಣ ಒಂದೇ ಬಿಂದುವಿನಲ್ಲಿ ನಿಂತರೆ ಅಲ್ಲಿನ ಲೇಪನ ಸುಟ್ಟೇ ಹೋಗುತ್ತದೆ. ಹಾಗಾಗದಂತೆ ಕಾಯುವ ಸರ್ಕ್ಯೂಟಿಗೆ ‘ಸ್ಪಾಟ್ ಕಿಲ್ಲರ್’ ಎಂದು ಹೆಸರು. ಕಿರಣ ಅಲುಗಾಡದಿದ್ದರೆ ಅದನ್ನು ಆರಿಸಿ, ಕೆಂಪು ದೀಪ ಹಚ್ಚುತ್ತದೆ. ಆದರೂ ದಶಕಗಳ ಸವೆತ ತಪ್ಪುವುದಿಲ್ಲ. ಯಂತ್ರ ಆರಿಸಿ ಟಾರ್ಚ್ ಬಿಟ್ಟು ತೋರಿಸಿದರು: ಬೂದುಬಣ್ಣದ ಗಾಜಿನ ಕೆಳಭಾಗದಲ್ಲಿ, ಸದಾ ಒಂದೇ ಜಾಗದಲ್ಲಿ ಮೂಡುತ್ತಿದ್ದ ‘1979 ಅಟಾರಿ’ ಎಂಬ ಅಕ್ಷರಗಳ ಕಂದು ಗುರುತು.

ಬೋರ್ಡಿನ ಚಿಪ್ಪುಗಳಿಗೆ ಬದಲಿ ಹುಡುಕಬಹುದು, ಹಲಗೆಯನ್ನು ಹೊಸದಾಗಿ ಕೊಯ್ಯಬಹುದು. ಟ್ಯೂಬಿಗೆ ಮಾತ್ರ ಬದಲಿಯಿಲ್ಲ. ಇಂಥವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಮುಚ್ಚಿವೆ. ಹಳೆಯ ಟಿವಿಗಳನ್ನು ಗುಜರಿಗೆ ಹಾಕುವಾಗ ಮೊದಲು ಒಡೆಯುವುದು ಅದೇ ಗಾಜು. ನಮ್ಮೂರುಗಳಲ್ಲೂ ಟಿವಿ ರಿಪೇರಿ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ಬೆಳಕು ನೋಡಿಯೇ ಟ್ಯೂಬಿನ ಆಯಸ್ಸು ಹೇಳುತ್ತಿದ್ದ ಆ ಮೆಕ್ಯಾನಿಕ್‌ಗಳನ್ನು ಕೂರಿಸಿಕೊಂಡು ಅವರ ವಿದ್ಯೆಯನ್ನು ಯಾರಾದರೂ ಬರೆದಿಟ್ಟುಕೊಳ್ಳಬೇಕಿತ್ತು. ಈಗಲೂ ಕೆಲವರು ಇದ್ದಾರೆ.

ಹೊರಡುವಾಗ ಅವರು ಒಂದು ಚೀಟಿ ಕೊಟ್ಟರು. ಟ್ಯೂಬಿನ ನಂಬರು: 19ವಿಎಆರ್‌ಪಿ4. “ಬೆಂಗ್ಳೂರಿಗೆ ಹೋದಾಗ ಎಸ್‌.ಪಿ. ರೋಡಲ್ಲಿ ಕೇಳಿ ನೋಡಿ ಸಾರ್. ಇದೇ ಆಗ್ಬೇಕು ಅಂತಿಲ್ಲ, ಇದಕ್ಕೆ ಹೊಂದೋ ಅಂಥದ್ದು ಯಾರ ಅಟ್ಟದ ಮೇಲಾದ್ರೂ ಇರ್ಬೋದು.”