ಹಿಂದಿನ ಸೀಟಿನ ಮಾಸ್ತರ

ಲೋಹಾರಾದ ತೊಗರಿ ಹೊಲದ ಬದುವಿನ ಮೇಲೆ ನಿಂತಿದ್ದೆ. ತಲೆ ಮೇಲೆ ಸಿಡಿಲು ಬಡಿದಂಥ ಸದ್ದು! ಕತ್ತೆತ್ತುವಷ್ಟರಲ್ಲಿ ವಿಮಾನ ಎಲ್ಲೋ ಮುಂದೆ. ಗಡಿ ದಾಟಿದರೆ ಕರ್ನಾಟಕದ ಬೀದರ, ಅಲ್ಲಿ ವಾಯುಪಡೆಯ ತರಬೇತಿ ನೆಲೆ. ಅಲ್ಲಿನ ಹಾಕ್ ವಿಮಾನಕ್ಕೆ ಎರಡು ಸೀಟು: ಮುಂದೆ ಕಲಿಯುವ ಹುಡುಗ, ಹಿಂದೆ ಮಾಸ್ತರ. ಆ ಹಿಂದಿನ ಸೀಟಿನ ಬಗ್ಗೆ ನಾನು ಎಂದೂ ಯೋಚಿಸಿರಲಿಲ್ಲ, ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಕೈಗೆ ಸಿಗುವ ತನಕ.

ಎಂಥಾ ಕಥೆ ಅದು! 1932ರಲ್ಲಿ ಹುಟ್ಟಿದ ದೇವಯ್ಯ ವಾಯುಪಡೆ ಸೇರಿದ್ದು 1954ರಲ್ಲಿ. 1965ರ ಹೊತ್ತಿಗೆ ಸ್ಕ್ವಾಡ್ರನ್ ಲೀಡರ್. ಕೆಲಸ, ಹುಡುಗರಿಗೆ ಹಾರಾಟ ಕಲಿಸುವುದು. ಪಾಕಿಸ್ತಾನದೊಂದಿಗೆ ಯುದ್ಧ ಬಂತು, ಮಾಸ್ತರನ್ನು ಆದಂಪುರದ 1ನೇ ಸ್ಕ್ವಾಡ್ರನ್‌ಗೆ ಕರೆಸಿದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜಾ ಮುಂದಾಳತ್ವದಲ್ಲಿ ಹನ್ನೆರಡು ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹೊರಡಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲೇ ಇಲ್ಲ! ಯಾರಾದರೂ ತಪ್ಪಿದರೆ ಇರಲಿ ಎಂದು ಕಾಯ್ದಿಟ್ಟ ಪೈಲಟ್ ಅವರು. ಒಂದು ಜಾಗ ತೆರವಾಯಿತು. ಮಾಸ್ತರ ಹಾರಿದರು.

ಎದುರಾದದ್ದು ಅಮೆರಿಕದ ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಫ್ರಾನ್ಸಿನ ಮಿಸ್ಟೇರ್ ಅದರ ಅರ್ಧ ವೇಗಕ್ಕೆ ಏದುಸಿರು ಬಿಡುವಂಥದ್ದು. ಆದರೆ ಸ್ಟಾರ್‌ಫೈಟರನ್ನು ಒಮ್ಮೆ ಹತ್ತಿರದಿಂದ ನೋಡಿ: ಉದ್ದ ಸುಮಾರು 17 ಮೀಟರ್, ರೆಕ್ಕೆ ಈ ತುದಿಯಿಂದ ಆ ತುದಿಗೆ 7 ಮೀಟರೂ ಇಲ್ಲ! ಬಾಣದಂತೆ ನೇರ ನುಗ್ಗೀತು, ಬಿಗಿಯಾಗಿ ತಿರುಗಲಾರದು. ಅದನ್ನು ಹಾರಿಸುತ್ತಿದ್ದ ಪಾಕಿಸ್ತಾನಿ ಪೈಲಟ್ ಅಮ್ಜದ್ ಹುಸೇನ್ ದೇವಯ್ಯನವರ ವಿಮಾನಕ್ಕೆ ಏಟು ಕೊಟ್ಟರು. ಇನ್ನು ಮುಗಿಯಿತೆಂದು ಅಮ್ಜದ್ ಅಂದುಕೊಂಡಿರಬೇಕು. ಮುಗಿದಿರಲಿಲ್ಲ! ಗಾಯಗೊಂಡ ಮಿಸ್ಟೇರ್ ತಿರುಗಿ ನಿಂತಿತು. ನೆಲಕ್ಕೆ ಅಂಟಿದಂಥ ಎತ್ತರದಲ್ಲಿ ಸುತ್ತಾಟ. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದರು. ದೇವಯ್ಯ ಮರಳಲಿಲ್ಲ.

ಮೈ ಜುಮ್ಮೆನ್ನಿಸುವುದು ಮುಂದಿನದು. ಇದನ್ನು ನಮ್ಮವರು ಯಾರೂ ನೋಡಿರಲಿಲ್ಲ! ಸಂಗಾತಿಗಳು ಇಂಧನದ ಅಂಚಿನಲ್ಲಿ ಹಿಂದಿರುಗಿದ್ದರು. ದಾಖಲೆಯಲ್ಲಿ ಉಳಿದದ್ದು ಒಂದೇ ಮಾತು: ನಾಪತ್ತೆ.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ತಂದರು. ಅಂದು ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿತ್ತು ಎಂಬ ಸಂಗತಿ ಅದರಲ್ಲಿತ್ತು. ಯಾವ ಮಿಸ್ಟೇರ್? ನಮ್ಮವರು ಲೆಕ್ಕ ಹಾಕಿದರು. ಮರಳಿ ಬಂದವರಲ್ಲಿ ಯಾರೂ ಸ್ಟಾರ್‌ಫೈಟರ್ ಜೊತೆ ಕಾದಿರಲಿಲ್ಲ. ಆ ನಸುಕಿನ ದಾಳಿಯಿಂದ ಬಾರದ್ದು ಒಂದೇ ಒಂದು!

1988ರಲ್ಲಿ, 23 ವರ್ಷಗಳ ನಂತರ, ಮಹಾವೀರ ಚಕ್ರ. ವಾಯುಪಡೆಯಲ್ಲಿ ಮರಣೋತ್ತರವಾಗಿ ಆ ಪದಕ ಪಡೆದವರು ದೇವಯ್ಯ ಒಬ್ಬರೇ. ಸಾಕ್ಷಿ ಹೇಳಿದ್ದು ಎದುರಾಳಿಯ ಪಾಳೆಯ!

ಲೋಹಾರಾದ ಮೇಲೆ ಮತ್ತೆ ಸದ್ದು. ಈಗ ನನ್ನ ಕಣ್ಣು ಹುಡುಕುವುದು ಹಿಂದಿನ ಸೀಟನ್ನು.