ಸೇರಿಸಿಕೊಳ್ಳುವ ಮುನ್ನ ನೋಡುವುದೇನು?

ಊರಂಚಿನ ಈ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುತ್ತಾರೆ. ಸೇರಲು ಬಂದವರಿಗೆ ಎಷ್ಟು ನೆರವು ಬೇಕೆಂದು ಮೊದಲೇ ಪರಿಶೀಲಿಸುವ ರೂಢಿಯಿದೆ. ಅಂದು ಬಂದಿದ್ದ ಅಜ್ಜಿಯೂ ಅವರ ಮಗನೂ ಒಪ್ಪಿದ್ದರಿಂದ ನಾನೂ ಜೊತೆಗೆ ಹೊರಟೆ.

ಮೊದಲು ಬಾಗಿಲ ಬಳಿಯ ಕಚೇರಿ. ಆಧಾರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ ಮೇಜಿಗೆ ಬಂದವು. ನರ್ಸ್ ಕೈಯಲ್ಲಿದ್ದ ಫಾರಂನಲ್ಲಿ ಆರು ಸಾಲು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ತಾವೇ ಮಾಡಿಕೊಂಡರೆ ಒಂದು ಅಂಕ, ಇಲ್ಲವಾದರೆ ಸೊನ್ನೆ. 1963ರಲ್ಲಿ ಪ್ರಕಟವಾದ ಕಾಟ್ಸ್ ಸೂಚ್ಯಂಕವಿದು.

"ಎಲ್ಲ ಅವರೇ ಮಾಡ್ಕೋತಾರೆ ಸಿಸ್ಟರ್," ಎಂದರು ಮಗ. ನರ್ಸ್ ಏನೂ ಬರೆಯದೆ ಎದ್ದರು.

ಪಡಸಾಲೆಯಲ್ಲಿ ಒಂದು ಕುರ್ಚಿ, ಅಲ್ಲಿಂದ ಮೂರು ಮೀಟರ್ ದೂರಕ್ಕೆ ನೆಲದ ಮೇಲೆ ಹಳದಿ ಗೆರೆ. ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತಾರೆ. ಅಜ್ಜಿಗೆ 21 ಸೆಕೆಂಡ್ ಬೇಕಾಯಿತು. ತಿರುಗುವಾಗ ಕೈ ಗೋಡೆಯನ್ನು ಹುಡುಕಿತು. ಹೊಸಬರೆದುರು ನಡೆಯುವ ಅಳುಕೂ ಇತ್ತೇನೋ.

ಮುಂದೆ ಬಚ್ಚಲು. ಕಮೋಡಿನ ಪಕ್ಕ ಹಿಡಿದುಕೊಳ್ಳಲು ಕಂಬಿ, ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ಅಜ್ಜಿಯನ್ನಷ್ಟೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮಾತು ನನಗೆ ಕೇಳಿಸಲಿಲ್ಲ. ಹೊರಬಂದಾಗ ಸ್ನಾನದ ಸಾಲಿನಲ್ಲಿ ಸೊನ್ನೆಯಿತ್ತು. ಬೆನ್ನು ಮಾತ್ರ ಉಜ್ಜಿಸಿಕೊಳ್ಳುತ್ತಿದ್ದರೆ ಅಂಕ ಉಳಿಯುತ್ತಿತ್ತು. ಮನೆಯಲ್ಲಿ ಬೆನ್ನು, ಕಾಲು ಎರಡನ್ನೂ ತೊಳೆಯುತ್ತಿದ್ದವರು ಸೊಸೆ. ಮಗನಿಗೆ ಅದು ಗೊತ್ತೇ ಇರಲಿಲ್ಲ.

ಊಟದ ಮನೆಯಲ್ಲಿ ಅನ್ನ, ಸಾರು. ಅಜ್ಜಿ ತಾವೇ ಕಲಸಿ ಉಂಡರು. ನುಂಗುವಾಗ ಕೆಮ್ಮು ಬರುತ್ತದೆಯೇ ಎಂದು ನರ್ಸ್ ಗಮನಿಸುತ್ತಿದ್ದರು. ನೆನಪಿನ ಪರೀಕ್ಷೆಗೆಂದು ಊಟಕ್ಕೆ ಮೊದಲು ನರ್ಸ್ ಹೇಳಿದ್ದ ಮೂರು ಪದಗಳಲ್ಲಿ ಎರಡು ಅಜ್ಜಿಯ ನೆನಪಿನಲ್ಲಿದ್ದವು. ಗಡಿಯಾರ ಬಿಡಿಸಲು ಪೆನ್ಸಿಲ್ ಕೊಟ್ಟಾಗ, "ನಾನು ಪೆನ್ಸಿಲ್ ಹಿಡಿದವಳಲ್ಲಮ್ಮ," ಎಂದರು. ಶಾಲೆ ಕಾಣದವರಿಗೆ ಈ ಪರೀಕ್ಷೆ ಎಷ್ಟು ನ್ಯಾಯವೋ! ನರ್ಸ್ ಒತ್ತಾಯಿಸಲಿಲ್ಲ.

ಒಟ್ಟು ಆರಕ್ಕೆ ಐದು. ಅಂಕ ಚೆನ್ನಾಗಿದ್ದರೂ ಬೀಳುವ ಅಪಾಯ ನೋಡಿ ಅಜ್ಜಿಗೆ ನರ್ಸ್ ಕೊಠಡಿಯ ಎದುರಿನ ಹಾಸಿಗೆಯನ್ನೇ ಗುರುತು ಮಾಡಿದರು.

ಹಿರಿಯರನ್ನು ಸೇರಿಸಲು ಹೋಗುವವರು, ಬೇಡವೆಂದುಬಿಟ್ಟಾರೆಂಬ ಭಯಕ್ಕೆ ಏನನ್ನೂ ಮುಚ್ಚಿಡಬೇಡಿ. ಎಂದು ಬಿದ್ದಿದ್ದರು, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದನ್ನು ಬರೆದುಕೊಂಡು ಹೋಗಿ. ಮನೆಯಲ್ಲಿ ದಿನವೂ ಅವರ ಕೆಲಸ ಮಾಡುವವರು ಯಾರೋ, ಅವರನ್ನೇ ಜೊತೆಗೆ ಕರೆದೊಯ್ಯಿರಿ.